ಅದೇ ಘಟ್ಟ, ಅದೇ ಮಳೆಗಾಲ, ಆದರೆ ಮರಗಳು ಯಾಕೆ ಬೇರೆ ಬೇರೆ?

ಕಾನಿನಮನೆ
ಎಲ್ಲರಿಗೂ ನಮಸ್ಕಾರ. ನನ್ನ ತವರು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಮನೆ ಹಿಂದೆ ತೋಟ, ತೋಟದಾಚೆ ಹಳ್ಳ, ಹಳ್ಳ ದಾಟಿದರೆ ಕಾನು, ಅಂದರೆ ಎಲೆ ಉದುರಿಸದ ದಟ್ಟ ಕಾಡು. ಚಿಕ್ಕವಳಿದ್ದಾಗ ಅಜ್ಜಿ ಜೊತೆ ಉಪ್ಪಾಗೆ, ಮುರುಗಲು ಹೆಕ್ಕಲು ಹೋಗಿ ಹೋಗಿ ಮೂವತ್ತು ನಲವತ್ತು ಮರದ ಹೆಸರು ಈಗಲೂ ಬಾಯಿಗೆ ಬರುತ್ತದೆ.

ಹೋದ ತಿಂಗಳು ಗೆಳತಿಯ ಮನೆಗೆ ಅಂತ ವಿರಾಜಪೇಟೆ ಕಡೆ ಹೋಗಿದ್ದೆ. ಅವರ ಊರಿನ ದೇವರಕಾಡಿಗೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟಾಗ ಅದೇ ತಂಪು, ಅದೇ ಕೊಳೆತ ಎಲೆಯ ವಾಸನೆ. ಆದರೆ ತಲೆ ಎತ್ತಿ ನೋಡಿದರೆ ಅರ್ಧಕ್ಕರ್ಧ ಮರಗಳ ಗುರುತೇ ಇಲ್ಲ. ಗೆಳತಿಯ ಮಾವ ಒಂದೊಂದನ್ನೇ ಮುಟ್ಟಿ ಕೊಡವ ಹೆಸರು ಹೇಳುತ್ತಿದ್ದರು. ನಾನು ಸುಮ್ನೆ ಕೇಳುತ್ತಾ ನಿಂತೆ.

ಎರಡೂ ಪಶ್ಚಿಮ ಘಟ್ಟ. ಎರಡೂ ಕಡೆ ಚೆನ್ನಾಗಿ ಮಳೆ. ಹಾಗಿದ್ದ ಮೇಲೆ ಮರಗಳು ಯಾಕೆ ಇಷ್ಟು ಬೇರೆ?

ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಪಾಲಿನ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕಾಡು) ನಾಲ್ಕು ಎಕರೆ ಬೋಳಾಗಿದೆ. ಈ ಮಳೆಗಾಲಕ್ಕೆ ಮುನ್ನೂರು ಗಿಡ ನೆಡೋಣ ಅಂತ ಅಣ್ಣ, ನಾನು ಮಾತಾಡಿಕೊಂಡಿದ್ದೇವೆ. ನರ್ಸರಿಯವರು "ಪಶ್ಚಿಮ ಘಟ್ಟದ ಜಾತಿ" ಅಂತ ಒಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಯಾವುದು ನಮ್ಮೂರಿನದು ಅಂತ ಗೊತ್ತಾಗುತ್ತಿಲ್ಲ.

ಮಲೆಮಗ
ಮಳೆ ಜಾಸ್ತಿ ಇದ್ದಲ್ಲಿ ಜಾತಿ ಜಾಸ್ತಿ. ಅಷ್ಟೇ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಬೀಳುತ್ತದೆ, ಅಲ್ಲಿ ಎಲ್ಲಾ ಮರ ಸಿಗುತ್ತದೆ.

ಬಾಟನಿ ಮೇಷ್ಟ್ರು
ಅಷ್ಟೇ ಅಲ್ಲ ಮಲೆಮಗ ಅವರೇ. ಮಳೆ ಒಟ್ಟು ಎಷ್ಟು ಬಿತ್ತು ಅನ್ನುವುದಕ್ಕಿಂತ, ಎಷ್ಟು ತಿಂಗಳು ಬೀಳಲಿಲ್ಲ ಅನ್ನುವುದು ಮುಖ್ಯ. ಜುಲೈನಲ್ಲಿ ಎಷ್ಟೇ ಸುರಿದರೂ ಆ ನೀರು ಹಳ್ಳ ಸೇರಿ ಸಮುದ್ರಕ್ಕೆ ಹೋಗುತ್ತದೆ. ಮರ ಬದುಕಬೇಕಾಗಿರುವುದು ಮಾರ್ಚ್, ಏಪ್ರಿಲ್‌ನಲ್ಲಿ.

ಘಟ್ಟವನ್ನು ದಕ್ಷಿಣದ ತುದಿಯಿಂದ ಉತ್ತರಕ್ಕೆ ನೋಡುತ್ತಾ ಬನ್ನಿ. ಕೇರಳದ ತುದಿಯಲ್ಲಿ ಒಣ ತಿಂಗಳು ಎರಡು ಮೂರು ಅಷ್ಟೇ. ಮುಂಗಾರು ಅಲ್ಲಿಗೆ ಮೊದಲು ಬರುತ್ತದೆ, ಕೊನೆಗೆ ಹೋಗುತ್ತದೆ. ಮೇಲಿಂದ ಹಿಂಗಾರು ಬೇರೆ. ಉತ್ತರ ಕನ್ನಡಕ್ಕೆ ಬರುವ ಹೊತ್ತಿಗೆ ಒಣ ತಿಂಗಳು ಆರು, ಇನ್ನೂ ಮೇಲೆ ಹೋದರೆ ಏಳು ಎಂಟು. ಈ ಉದ್ದದಲ್ಲಿ ಒಂದೊಂದೇ ಜಾತಿ ಹಿಂದೆ ಉಳಿಯುತ್ತಾ ಹೋಗುತ್ತದೆ. ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಮರಗಳು ದಕ್ಷಿಣದಲ್ಲಿ ಹೆಚ್ಚು, ಉತ್ತರಕ್ಕೆ ಕಡಿಮೆ.

ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1980ರ ದಶಕದಲ್ಲಿ ಈ ಕಾಡುಗಳ ನಕ್ಷೆ ಮಾಡಿದರು. ಜೆ. ಪಿ. ಪ್ಯಾಸ್ಕಲ್ ಅದರಲ್ಲಿ ಮುಖ್ಯರು. ಅವರು ನಿತ್ಯಹರಿದ್ವರ್ಣ ಅಂತ ಒಂದೇ ಬಣ್ಣ ಬಳಿದು ಬಿಡಲಿಲ್ಲ. ಒಣ ತಿಂಗಳು, ಎತ್ತರ, ಎದ್ದು ಕಾಣುವ ಮರಗಳು, ಇವನ್ನು ಹಿಡಿದು ಬೇರೆ ಬೇರೆ ಬಗೆ ಮಾಡಿದರು. ಕೊಡಗಿನ ಕಾಡು ಒಂದು ಬಗೆ, ಕುದುರೆಮುಖ–ಆಗುಂಬೆ ಇನ್ನೊಂದು, ನಿಮ್ಮ ಶಿರಸಿ ಸೀಮೆ ಮತ್ತೊಂದು. ನಿಮ್ಮ ಕಣ್ಣಿಗೆ ಬಿದ್ದ ವ್ಯತ್ಯಾಸ ಅದೇ.

ಕಾಫಿತೋಟ
ಮೇಷ್ಟ್ರು ಹೇಳಿದ್ದು ನಮ್ಮ ತೋಟದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ನಮಗೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬರಬೇಕು. ಒಂದಿಂಚು ಬಿದ್ದರೆ ಒಂದು ವಾರ ಹತ್ತು ದಿನಕ್ಕೆ ಕಾಫಿ ಹೂ ಬೆಳ್ಳಗೆ ಅರಳುತ್ತದೆ. ಅದಾದ ಮೇಲೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚಲು. ಅದೇ ಮಳೆ ಪಕ್ಕದ ಕಾಡಿಗೂ ಬೀಳುತ್ತದೆ ಅಲ್ವಾ? ಸಿದ್ದಾಪುರದಲ್ಲಿ ಆ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ.

ಅಕ್ಕಾ, ನೀವು ದೇವರಕಾಡಿನಲ್ಲಿ ಮೊಣಕೈ ದಪ್ಪದ, ಗಂಟು ಗಂಟು ಉಬ್ಬಿದ ಕೊಂಬೆಯ ಸಣ್ಣ ಮರ ನೋಡಿದ್ದೀರಾ? ಚಿಗುರು ಕೆಂಪಗೆ ಒದ್ದೆ ಬಟ್ಟೆ ಹಾಗೆ ಜೋತು ಬಿದ್ದಿರುತ್ತದೆ.

ಕಾನಿನಮನೆ
@ಕಾಫಿತೋಟ ನೋಡಿದೆ ಅಣ್ಣ! ಅದೇ ಜಾಸ್ತಿ ಇತ್ತು. ಕೊಂಬೆ ಹಿಡಿದೆ, ಕೈ ಮೇಲೆಲ್ಲಾ ಇರುವೆ.

ಕಾಫಿತೋಟ
ಅದು ಹಂಬೋಲ್ಟಿಯಾ. ಆ ಉಬ್ಬಿದ ಗಂಟು ಒಳಗೆ ಟೊಳ್ಳು, ಒಂದು ಸಣ್ಣ ತೂತು ಇರುತ್ತದೆ. ಇರುವೆಗಳು ಅಲ್ಲೇ ಸಂಸಾರ ಮಾಡುತ್ತವೆ. ಎಲೆ ಮೇಲೆ ಸಿಹಿ ಒಸರುತ್ತದೆ, ಅದನ್ನೂ ನೆಕ್ಕುತ್ತವೆ. ನಮ್ಮ ಕಡೆ ಕಾಡಿನ ಕೆಳಗಿನ ಅಂತಸ್ತು ಪೂರ್ತಿ ಇದೇ. ನಿಮ್ಮ ಕಾನಿನಲ್ಲಿ ಕಾಣಿಸಿಲ್ಲ ಅಂದರೆ ಆಶ್ಚರ್ಯ ಇಲ್ಲ.

ಬಾಟನಿ ಮೇಷ್ಟ್ರು
ಒಳ್ಳೆ ಉದಾಹರಣೆ. ಪುಷ್ಪಗಿರಿ ತಪ್ಪಲಿನ ಉಪ್ಪಂಗಳದಲ್ಲಿ ಫ್ರೆಂಚ್ ಸಂಸ್ಥೆಯವರು ಸುಮಾರು 35 ವರ್ಷದಿಂದ ಮರಗಳನ್ನು ಅಳೆಯುತ್ತಾ ಬಂದಿದ್ದಾರೆ. ಅಲ್ಲಿ ಹತ್ತಾರು ಜಾತಿ ಇದ್ದರೂ ನಾಲ್ಕು ಜಾತಿಯದೇ ಮೇಲುಗೈ. ಕೆಳಗೆ ಹಂಬೋಲ್ಟಿಯಾ, ನಡುವೆ ಕಾಡುಜಾಯಿಕಾಯಿ ಕುಟುಂಬದ ಮರ, ಅದರ ಮೇಲೆ ಧೂಪ, ಎಲ್ಲಕ್ಕಿಂತ ಎತ್ತರಕ್ಕೆ ಡಿಪ್ಟೆರೋಕಾರ್ಪಸ್. ಒಂದೊಂದು ಅಂತಸ್ತಿಗೆ ಒಬ್ಬೊಬ್ಬ ಯಜಮಾನ ಇದ್ದ ಹಾಗೆ.

ಮಲೆಮಗ
ಡಿಪ್ಟೆರೋಕಾರ್ಪಸ್ ಕೊಡಗು ದಾಟಿ ಉತ್ತರಕ್ಕೆ ಬಂದೇ ಇಲ್ಲ ಅಂತ ಕೇಳಿದ್ದೆ.

ಅಘನಾಶಿನಿ
ತಪ್ಪು. ಆಗುಂಬೆ ಕಡೆಯೂ ಇದೆ. ನಮ್ಮ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲೂ ಇದೆ, ನಾನೇ ಅದರ ಬುಡದಲ್ಲಿ ಕೂತು ಬುತ್ತಿ ಉಂಡಿದ್ದೇನೆ. ಹೆಚ್ಚುಕಡಿಮೆ ಅದರ ಉತ್ತರದ ಗಡಿ ಅದು.

ಮಳೆ, ಒಣ ತಿಂಗಳು ಎಲ್ಲಾ ಸರಿ ಮೇಷ್ಟ್ರೇ. ಆದರೆ ಕತ್ತಲೆಕಾನಿನಲ್ಲಿ ಒಂದು ಹಳ್ಳ ಇದೆ. ದಿಬ್ಬದ ಮೇಲೆ ನಿಂತರೆ ಒಂದು ಕಾಡು. ನೂರು ಹೆಜ್ಜೆ ಇಳಿದರೆ ಕಾಲು ಹೂಳುವ ಜೌಗು, ಬೇರೆಯೇ ಕಾಡು. ಅಲ್ಲಿನ ಜಾಯಿಕಾಯಿ ಕುಟುಂಬದ ಮರಗಳು ಬೇರನ್ನು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲಕ್ಕೆ ಎತ್ತಿರುತ್ತವೆ, ಉಸಿರಾಡಲು. ವರ್ಷಪೂರ್ತಿ ನೀರು ಒಸರುವ ಜಾಗ ಬಿಟ್ಟು ಬೇರೆ ಕಡೆ ಅವು ಬದುಕುವುದಿಲ್ಲ. ಅಲ್ಲಿ ಸಿಕ್ಕ ಒಂದು ಗೇರು ಜಾತಿಗೆ 2000ದಲ್ಲಿ ಆ ಜಾಗದ ಹೆಸರನ್ನೇ ಇಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಳಿವಿನ ಅಂಚಿನಲ್ಲಿರುವ ಮರ.

ಆ ದಿಬ್ಬಕ್ಕೂ ಜೌಗಿಗೂ ಮಳೆ ಒಂದೇ. ಅದಕ್ಕೇನು ಹೇಳುತ್ತೀರಿ?

ಬಾಟನಿ ಮೇಷ್ಟ್ರು
ಒಪ್ಪಿದೆ. ಒಣ ತಿಂಗಳು ಲೆಕ್ಕ ನೂರಾರು ಕಿಲೋಮೀಟರಿಗೆ. ನೂರು ಹೆಜ್ಜೆಯ ಒಳಗೆ ನೆಲ, ನೀರು, ಇಳಿಜಾರು ಮಾತಾಡುತ್ತದೆ.

ಗದ್ದೆಬದು
ಇಷ್ಟೆಲ್ಲಾ ಮಾತಾಡಿದಿರಿ, ಮನುಷ್ಯನ ಹೆಸರೇ ಬರಲಿಲ್ಲ. ನನಗೆ ಇದು ಬೇಸರದ ವಿಷಯ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

ಕಾನಿನಮನೆ ಅವರ ಹಳ್ಳದ ಆಚೆ ಕಾನು, ಈಚೆ ಬೆಟ್ಟ. ಕಾನಿನಲ್ಲಿ ಗುಳಮಾವು, ರಾಮಪತ್ರೆ, ಹೈಗ, ಉಪ್ಪಾಗೆ. ಬೆಟ್ಟದಲ್ಲಿ ಮತ್ತಿ, ಕಿಂದಳ, ಹೊನ್ನೆ, ನಂದಿ. ಒಂದು ಎಲೆ ಉದುರಿಸದ ಕಾಡು, ಇನ್ನೊಂದು ಬೇಸಿಗೆಗೆ ಬೋಳಾಗುವ ಕಾಡು. ನಡುವೆ ಇರುವುದು ಒಂದು ಹಳ್ಳ. ಇದನ್ನು ಮಾಡಿದ್ದು ಕತ್ತಿ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲಿ ಹಕ್ಕು ಬಂತು. ವರ್ಷ ವರ್ಷ ಸೊಪ್ಪು ಕಡಿದರೆ ಯಾವ ಮರ ತಡೆಯುತ್ತದೋ ಅದು ಉಳಿಯಿತು. ಮತ್ತಿ ತಡೆಯಿತು, ರಾಮಪತ್ರೆ ತಡೆಯಲಿಲ್ಲ.

ಕಾನು ಉಳಿದದ್ದೂ ಮನುಷ್ಯನಿಂದಲೇ. ದೇವರ ಹೆಸರಿನಲ್ಲಿ, ಕಾಳುಮೆಣಸಿನ ಹೆಸರಿನಲ್ಲಿ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸಮೀಕ್ಷೆ ಮಾಡುತ್ತಿದ್ದ ಫ್ರಾನ್ಸಿಸ್ ಬುಕನನ್ ಈ ಸೀಮೆ ಹಾದು ಹೋದಾಗ ಕಾಡಿನೊಳಗೆ ಮೆಣಸಿನ ಬಳ್ಳಿ ಬೆಳೆಯುವುದನ್ನು ಬರೆದಿಟ್ಟಿದ್ದಾನೆ. ಕೊಡಗಿನ ಸಾವಿರಕ್ಕೂ ಜಾಸ್ತಿ ದೇವರಕಾಡುಗಳ ಕತೆಯೂ ಅದೇ. ಆಮೇಲೆ ತೇಗದ ನೆಡುತೋಪು. 1980ರ ಆಚೆ ಈಚೆ ಆಸ್ಟ್ರೇಲಿಯಾದ ಅಕೇಶಿಯಾ. ನಮ್ಮ ಊರಿನ ಗೋಮಾಳದಲ್ಲಿ ಈಗ ಅಕೇಶಿಯಾ ಬಿಟ್ಟರೆ ಹೇಳಿಕೊಳ್ಳುವ ಮರ ಇಲ್ಲ. ಅಲ್ಲಿ ಒಣ ತಿಂಗಳು ಎಣಿಸಿ ಏನು ಪ್ರಯೋಜನ?

ಮುಂಡಗೋಡ ಹುಡುಗ
@ಗದ್ದೆಬದು ಅರ್ಧ ಒಪ್ಪುತ್ತೇನೆ. ಶಿರಸಿಯಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಕಿಟಕಿ ಪಕ್ಕ ಕೂತು ನೋಡಿ. ಶಿರಸಿ ಬಿಟ್ಟಾಗ ದಟ್ಟ ಹಸಿರು. ಅರ್ಧ ದಾರಿಗೆ ಮತ್ತಿ, ನಂದಿ, ಜಂಬೆ. ನಮ್ಮೂರು ಬರುವಾಗ ತೇಗ, ದಿಂಡಿಗ, ಬಿದಿರು, ಅಲ್ಲಲ್ಲಿ ಮುತ್ತುಗ. ಶಿರಸಿಯ ಮಳೆಯಲ್ಲಿ ಅರ್ಧದಷ್ಟೇ ನಮಗೆ ಬೀಳುವುದು. ಇಲ್ಲಿ ನೂರು ವರ್ಷ ಕತ್ತಿ ಮುಟ್ಟದೆ ಬಿಟ್ಟರೂ ಗುಳಮಾವಿನ ಕಾಡು ಆಗುವುದಿಲ್ಲ. ಮನುಷ್ಯ ಬದಲಾಯಿಸಬಹುದು, ಆದರೆ ಮಳೆ ಹಾಕಿದ ಗೆರೆಯ ಒಳಗೆ.

ಗದ್ದೆಬದು
ಗೆರೆಯ ಒಳಗೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಶಿರಸಿ, ಸಿದ್ದಾಪುರದ ಎಷ್ಟೋ ಬೆಟ್ಟಗಳು ಆ ಗೆರೆಯ ಒಳಗೆ ಕಾನಾಗಬಹುದಿತ್ತು. ಆಗಲು ಬಿಡಲಿಲ್ಲ.

ವಾಚರ್ ಮಗ
ಮನುಷ್ಯ, ಮಳೆ ಎರಡೂ ಆಯಿತು. ಆನೆ, ಬೆಂಕಿ ಬಿಟ್ಟಿರಿ.

ಅಪ್ಪ ಗುಂಡ್ಲುಪೇಟೆ ಕಡೆ ಕಾಡಿನಲ್ಲಿ ವಾಚರ್ ಆಗಿದ್ದರು. ಗಡಿಯಾಚೆ ಮುದುಮಲೆಯಲ್ಲಿ 1988ರಿಂದ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರ್ ಜಾಗದ ಒಂದೊಂದು ಮರಕ್ಕೂ ನಂಬರ್ ತಗಡು ಹೊಡೆದು ಅಳೆಯುತ್ತಿದ್ದಾರೆ. ಪ್ರೊ. ಆರ್. ಸುಕುಮಾರ್ ಅವರ ತಂಡ. ಒಂದು ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡುವುದಿಲ್ಲ. ಅಲ್ಲಿ ಬೆಂಡೆ ಮರ, ಪುಸ್ತಕದಲ್ಲಿ ಕೈಡಿಯಾ ಅನ್ನುತ್ತಾರೆ, ಶುರುವಿನಲ್ಲಿ ಸಾವಿರಗಟ್ಟಲೆ ಇತ್ತು. ಆನೆಗಳಿಗೆ ಅದು ಬಹಳ ಇಷ್ಟ. ಮುರಿದು, ತೊಗಟೆ ಸುಲಿದು ಕೆಲವೇ ವರ್ಷದಲ್ಲಿ ಹೆಚ್ಚುಕಡಿಮೆ ಖಾಲಿ ಮಾಡಿದವು. ನಂದಿ, ಮತ್ತಿ, ದಿಂಡಿಗದ ದೊಡ್ಡ ಮರಗಳಿಗೆ ಅಷ್ಟು ಏಟು ಬೀಳಲಿಲ್ಲ.

ಬೆಂಕಿಯೂ ಹಾಗೇ ಆರಿಸಿ ಆರಿಸಿ ಕೊಲ್ಲುತ್ತದೆ. ದಪ್ಪ ತೊಗಟೆಯ ಮರ ಉಳಿಯುತ್ತದೆ, ಎಳೆ ಗಿಡ ಸುಡುತ್ತದೆ. ಅಪ್ಪ ಬೆಂಕಿ ರೇಖೆ ಕಡಿಯುವಾಗ ಮತ್ತಿ ಮರದ ಮೊಸಳೆ ಚರ್ಮದಂಥ ತೊಗಟೆ ತಟ್ಟಿ, "ಇವನಿಗೆ ಏನೂ ಆಗಲ್ಲ ಬಿಡು" ಅನ್ನುತ್ತಿದ್ದರು.

ಹಸಿರೆಲೆ
ಆ 50 ಹೆಕ್ಟೇರಿನಲ್ಲಿ ಎಷ್ಟು ಜಾತಿ ಇದೆ?

ವಾಚರ್ ಮಗ
ಸುಮಾರು 70.

ಮಿರಿ ಕನ್ನಡಿಗ
ಎಪ್ಪತ್ತು ಅಂದಿದ್ದು ನೋಡಿ ಬರೆಯಲೇಬೇಕು ಅನ್ನಿಸಿತು.

ನಾನು ಕೆಲಸಕ್ಕೆ ಅಂತ ಮಲೇಷ್ಯಾದ ಸರವಾಕ್‌ನಲ್ಲಿದ್ದೇನೆ, ಮಿರಿ ಊರು. ಇಲ್ಲಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಲಂಬಿರ್ ಗುಡ್ಡದ ಕಾಡು. ಅಲ್ಲೂ ಮುದುಮಲೆ ಥರವೇ ಅಳತೆ ಜಾಗ ಇದೆ. 52 ಹೆಕ್ಟೇರ್, ಅದೇ ವಿಧಾನ. ಜಾತಿ ಸುಮಾರು 1,200! ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 50 ಹೆಕ್ಟೇರಿಗೆ ಸುಮಾರು 300. ಮೂರೂ ಉಷ್ಣವಲಯದ ಕಾಡುಗಳೇ.

ಇಲ್ಲಿ ಒಣ ತಿಂಗಳು ಅನ್ನುವುದೇ ಇಲ್ಲ ಅನ್ನಬಹುದು. ಮೇಷ್ಟ್ರ ಮಾತಿಗೆ ಇದು ಒಳ್ಳೆ ಸಾಕ್ಷಿ. ಹಾಗೇ ಅಘನಾಶಿನಿಯವರ ಮಾತಿಗೂ. ಒಂದೇ ಜಾಗದೊಳಗೆ ಮರಳು ಮಣ್ಣಿನ ಏಣು, ಜೇಡಿ ಮಣ್ಣಿನ ತಗ್ಗು ಎರಡೂ ಇವೆ, ಎರಡರ ಮೇಲೂ ಬೇರೆ ಬೇರೆ ಜಾತಿ. ಮರಳಿನಿಂದ ಜೇಡಿಗೆ ಇಳಿಯುವಾಗ ಬೂಟಿನ ಅಡಿಯಲ್ಲೇ ಗೊತ್ತಾಗುತ್ತದೆ.

ನಮ್ಮ ಧೂಪದ ಕುಟುಂಬದ ಮರಗಳು ಬೋರ್ನಿಯೋದಲ್ಲಿ 250ಕ್ಕೂ ಹೆಚ್ಚು ಜಾತಿ. ಕೆಲವು ವರ್ಷಕ್ಕೊಮ್ಮೆ ಎಲ್ಲಾ ಒಟ್ಟಿಗೆ ಹೂ ಬಿಡುತ್ತವೆ. ಆಮೇಲೆ ರೆಕ್ಕೆ ಇರುವ ಬೀಜ ಗಿರಗಿರ ತಿರುಗುತ್ತಾ ಬೀಳುತ್ತದೆ. ನನ್ನ ಮಗಳು ಒಂದು ಚೀಲ ತುಂಬಾ ಹೆಕ್ಕಿ ತಂದಿದ್ದಳು.

ಒಂದು ದುಃಖದ ವಿಷಯ. ಲಂಬಿರ್‌ನಲ್ಲಿ ಬೇಟೆಯಿಂದ ಮಂಗಟ್ಟೆ ಹಕ್ಕಿ, ದೊಡ್ಡ ಪ್ರಾಣಿಗಳು ಹೆಚ್ಚುಕಡಿಮೆ ಇಲ್ಲವಾಗಿವೆ. ಮರ ಅಷ್ಟಿದ್ದರೂ ಕಾಡು ಮೌನ. ಬೀಜ ಹೊತ್ತು ಹೋಗುವವರಿಲ್ಲ.

ಹಾರುಹಕ್ಕಿ
@ಮಿರಿ ಕನ್ನಡಿಗ ಓದಿ ಹೊಟ್ಟೆ ಚುರುಕ್ ಅಂತು. ದಾಂಡೇಲಿಯಲ್ಲಿ ಮಂಗಟ್ಟೆ ರಾಮಪತ್ರೆಯ ಹಣ್ಣು ತಿನ್ನುವುದನ್ನು ನೋಡಿದ್ದೇನೆ. ಕಾಯಿ ಬಿರಿದಾಗ ಒಳಗೆ ಬೀಜದ ಮೇಲೆ ಕೆಂಪು ಪತ್ರೆ. ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಎಸೆದು, ನುಂಗುತ್ತದೆ. ಪತ್ರೆ ಅರಗುತ್ತದೆ, ಬೀಜ ಎಲ್ಲೋ ದೂರ ಬೀಳುತ್ತದೆ. ಹಕ್ಕಿ ಹೋದರೆ ಮುಂದಿನ ನೂರು ವರ್ಷದಲ್ಲಿ ಮರದ ಪಟ್ಟಿಯೂ ಬದಲಾಗುತ್ತದೆ.

ಹಸಿರೆಲೆ
ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಒಂದು ಜಾತಿ ಆ ಜಾಗಕ್ಕೆ ಚೆನ್ನಾಗಿ ಹೊಂದಿಕೊಂಡರೆ ಅದೇ ಎಲ್ಲಾ ಕಡೆ ತುಂಬಬೇಕಲ್ವಾ? 1,200 ಜಾತಿ ಹೇಗೆ ಒಟ್ಟಿಗೆ ಇರುತ್ತದೆ?

ಬಾಟನಿ ಮೇಷ್ಟ್ರು
ದಡ್ಡ ಪ್ರಶ್ನೆ ಅಲ್ಲ, ಐವತ್ತು ವರ್ಷದಿಂದ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡ ಪ್ರಶ್ನೆ. 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಅಂತ ಇಬ್ಬರು ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಾಯಿಮರದ ಬುಡದಲ್ಲಿ ಅದನ್ನೇ ತಿನ್ನುವ ಹುಳು, ಶಿಲೀಂಧ್ರ ಸೇರಿರುತ್ತವೆ. ಅಲ್ಲಿ ಬಿದ್ದ ಮರಿ ಸಾಯುತ್ತದೆ, ದೂರ ಬಿದ್ದದ್ದು ಬದುಕುತ್ತದೆ. ಹೀಗಾಗಿ ತಾಯಿಮರದ ಪಕ್ಕದ ಜಾಗ ಬೇರೆ ಜಾತಿಗೆ ಸಿಗುತ್ತದೆ.

ನಾನು ಸುಬ್ರಹ್ಮಣ್ಯದ ಹತ್ತಿರ ಒಂದು ಧೂಪದ ಮರದ ಬುಡದಲ್ಲಿ ಜುಲೈನಲ್ಲಿ ಒಂದು ಚದರ ಮೀಟರ್ ಎಣಿಸಿದ್ದೆ. 43 ಸಸಿ, ಚಾಪೆ ಹಾಸಿದ ಹಾಗೆ. ಮುಂದಿನ ವರ್ಷ ಅದೇ ಜಾಗದಲ್ಲಿ ಇದ್ದದ್ದು ಎರಡು.

ಕಾಫಿತೋಟ
ಆದರೆ ಮೇಷ್ಟ್ರೇ, ಆಗುಂಬೆ ಕಡೆ ಬಲಗಿ ಮರ ಗುಂಪು ಗುಂಪಾಗಿ ನಿಂತಿರುತ್ತದಲ್ಲ? ಅದಕ್ಕೆ ಈ ನಿಯಮ ಇಲ್ಲವಾ?

ಬಾಟನಿ ಮೇಷ್ಟ್ರು
ಅದೇ ತೊಡಕು. ಕಾಂಗೋದ ಇತೂರಿ ಕಾಡಿನಲ್ಲೂ ಗಿಲ್ಬರ್ಟಿಯೋಡೆಂಡ್ರಾನ್ ಅಂತ ಒಂದು ಮರ ಮೈಲಿಗಟ್ಟಲೆ ಅದೊಂದೇ ನಿಂತಿರುತ್ತದೆ. ಭಾರದ ಬೀಜ, ಕಡು ನೆರಳು, ದಪ್ಪ ತರಗೆಲೆ, ಬೇರಿಗೆ ಅಂಟಿದ ಶಿಲೀಂಧ್ರದ ಸಹಾಯ, ಎಲ್ಲಾ ಸೇರಿ ಬೇರೆಯವರಿಗೆ ಜಾಗ ಕೊಡುವುದಿಲ್ಲ. ಬಲಗಿಗೂ ಇಂಥದ್ದೇ ಏನೋ ಅನುಕೂಲ ಇರಬೇಕು ಅನ್ನುವುದು ನನ್ನ ಊಹೆ.

ಇನ್ನೊಂದು ಮಾತು. 2024ರಲ್ಲಿ ಅಮೆಜಾನ್, ಆಫ್ರಿಕಾ, ಆಗ್ನೇಯ ಏಷ್ಯಾ ಮೂರರ ಲೆಕ್ಕ ಒಟ್ಟಿಗೆ ಬಂತು. ಮೂರೂ ಕಡೆ ಜಾತಿಗಳಲ್ಲಿ ನೂರಕ್ಕೆ ಎರಡು ಚಿಲ್ಲರೆಯಷ್ಟೇ ಸೇರಿ ಅರ್ಧದಷ್ಟು ಮರ ಆಗುತ್ತದೆ. ಜಾತಿಗಳು ಬೇರೆ ಬೇರೆ, ಆದರೆ ಹಂಚಿಕೆ ಒಂದೇ ಥರ.

ಊದುಬತ್ತಿ
ಧೂಪ ಅಂದ ಕೂಡಲೇ ನೆನಪಾಯಿತು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ರಾಳ ಸಿಕ್ಕಿದೆ, ಒಳಗೆ ಕೀಟಗಳ ಸಮೇತ. ಅದು ಈ ಧೂಪದ ಕುಟುಂಬದ್ದೇ ಅಂತ ಗುರುತಿಸಿದ್ದಾರೆ. ಈಗ ಅಲ್ಲಿ ಆ ಕಾಡು ಇಲ್ಲ. ದೇವರ ಮುಂದೆ ಧೂಪ ಹಾಕುವಾಗ ನನಗೆ ಅದು ನೆನಪಾಗುತ್ತದೆ.

ಮಲೆಮಗ
ಇದು ಗೊತ್ತೇ ಇರಲಿಲ್ಲ. ಅಂದರೆ ಒಂದು ಕಾಲಕ್ಕೆ ಗುಜರಾತ್ ಮಲೆನಾಡು!

ಕಾನಿನಮನೆ
ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಈಗ ನನ್ನ ಬೆಟ್ಟಕ್ಕೆ ಬರೋಣ. ನರ್ಸರಿ ಪಟ್ಟಿಯಲ್ಲಿ ಇರುವುದು: ಧೂಪ, ನಾಗಸಂಪಿಗೆ, ರಾಮಪತ್ರೆ, ಹೆಬ್ಬಲಸು, ನೇರಳೆ, ಮುರುಗಲು, ಬೀಟೆ, ಶ್ರೀಗಂಧ. ಏನು ಮಾಡಲಿ?

ಅಘನಾಶಿನಿ
ರಾಮಪತ್ರೆಯನ್ನು ಬೋಳು ಬೆಟ್ಟದ ಬಿಸಿಲಿಗೆ ಹಾಕಬೇಡಿ ತಂಗಿ. ನಾನು ಒಮ್ಮೆ 60 ಸಸಿ ಹಾಕಿದೆ, ಮಾರ್ಚ್ ಕೊನೆಗೆ ಎಲ್ಲಾ ಕರಕಲು. ನೆಟ್ಟಿದ್ದ ಆಳುಗಳ ಮುಖ ನೋಡಲು ಆಗಲಿಲ್ಲ. ಮೊದಲು ನೆರಳಾಗಬೇಕು. ಇರುವ ಮತ್ತಿ, ಹೊನ್ನೆ ಬುಡಗಳು ಚಿಗುರುತ್ತವೆ, ಅವನ್ನು ನಾಲ್ಕು ವರ್ಷ ಕಡಿಯದೆ ಬಿಡಿ. ಜೊತೆಗೆ ನೇರಳೆ, ಹೆಬ್ಬಲಸು, ಮುರುಗಲು ಹಾಕಿ. ಹಳ್ಳದ ದಂಡೆಯ ತೇವದಲ್ಲಿ ಮಾತ್ರ ರಾಮಪತ್ರೆ.

ಗದ್ದೆಬದು
ಅಘನಾಶಿನಿ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಜಾನುವಾರು ಬರದ ಹಾಗೆ ಬೇಲಿ ಮೊದಲು. ಬೆಂಕಿ ರೇಖೆ ಜನವರಿ ಒಳಗೆ.

ಮುಂಡಗೋಡ ಹುಡುಗ
ಶ್ರೀಗಂಧ ಆ ಪಟ್ಟಿಯಲ್ಲಿ ಯಾಕೆ? ಅದು ನಮ್ಮ ಕಡೆಯ ಒಣ ಸೀಮೆ ಮರ. ಸಿದ್ದಾಪುರದ ಮಳೆಗೆ ಯಾಕೆ ಹಾಕುತ್ತೀರಿ.

ಬಾಟನಿ ಮೇಷ್ಟ್ರು
ನರ್ಸರಿ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ಹಳ್ಳದ ಆಚೆಯ ಕಾನೇ ನಿಮ್ಮ ಪಟ್ಟಿ. ಒಂದು ದಿನ ಅಣ್ಣನನ್ನೂ, ಊರಿನ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ. ಕಾನಿನ ಅಂಚಿನಲ್ಲಿ, ಅರ್ಧ ಬಿಸಿಲು ಬೀಳುವ ಕಡೆ ತಾನಾಗಿ ಹುಟ್ಟಿದ ಎಳೆ ಗಿಡ ಯಾವುದು ನೋಡಿ ಬರೆದುಕೊಳ್ಳಿ. ಬೆಟ್ಟದಲ್ಲಿ ಬದುಕುವುದು ಅದೇ. ಧೂಪದ ಬೀಜ ಇಡಲು ಹೋಗಬೇಡಿ, ಒಣಗಿದರೆ ಕೆಲವೇ ದಿನಕ್ಕೆ ಸತ್ತು ಹೋಗುತ್ತದೆ.

ಕಾಫಿತೋಟ
ಹೊಳಗೇರು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ ಅಕ್ಕಾ. ತೊಗಟೆ ಮೇಲೆ ಕರಿ ಸೋನೆ ಇಳಿದಿದ್ದರೆ ಅದೇ. ಮೈಗೆ ತಾಗಿದರೆ ಹುಣ್ಣಾಗುತ್ತದೆ.

ಕಾನಿನಮನೆ
@ಕಾಫಿತೋಟ ಹೊಳಗೇರು ಗೊತ್ತು ಅಣ್ಣ, ಆರನೇ ಕ್ಲಾಸಿನಲ್ಲಿ ಮುಖ ಊದಿ ಒಂದು ವಾರ ಶಾಲೆಗೆ ಹೋಗಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಬರುವ ಭಾನುವಾರ ಕಾನಿಗೆ ಹೋಗುತ್ತೇವೆ. ಅಜ್ಜಿಗೆ ಈಗ 84, ಹಳ್ಳದವರೆಗೆ ನಾನೂ ಬರುತ್ತೇನೆ ಅಂದಿದ್ದಾಳೆ.

ಹಾರುಹಕ್ಕಿ
ಫೋಟೋ ಹಾಕಿ. ಎಲೆಯ ಹಿಂಭಾಗ, ತೊಗಟೆ, ಕೆಳಗೆ ಬಿದ್ದ ಕಾಯಿ, ಮೂರೂ.

ಅಘನಾಶಿನಿ
ಉಪ್ಪಾಗೆ ಬೀಜ ಸಿಕ್ಕರೆ ನನಗೂ ಒಂದು ಸೇರು ಇಡಿ ತಂಗಿ. ಮೊಳಕೆ ಬರಲು ಐದಾರು ತಿಂಗಳು ಹಿಡಿಯುತ್ತದೆ, ಬರಲಿಲ್ಲ ಅಂತ ಚೆಲ್ಲಿ ಬಿಡಬೇಡಿ.